ಒಂದು ರೈಲು ಇಳಿದು ಇನ್ನೊಂದು ಹತ್ತುವಾಗ ನಡುವೆ ಎಷ್ಟು ಸಮಯ ಬಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಎಷ್ಟೋ ಊರುಗಳಿಂದ ಎಷ್ಟೋ ಊರುಗಳಿಗೆ ನೇರ ರೈಲಿಲ್ಲ. ಇದ್ದರೂ ವಾರಕ್ಕೆ ಒಂದೋ ಎರಡೋ. ಹಾಗಾಗಿ ಬೆಂಗಳೂರು, ಹುಬ್ಬಳ್ಳಿ, ಅರಸೀಕೆರೆ, ಬೀರೂರು, ಗುಂತಕಲ್, ಮಂಗಳೂರು, ಹೀಗೆ ಎಲ್ಲೋ ಒಂದು ಕಡೆ ಇಳಿದು ಹತ್ತಲೇಬೇಕು. ಟಿಕೆಟ್ ಬುಕ್ ಮಾಡಲು ಕೂತಾಗ ಎಲ್ಲರಿಗೂ ಬರುವ ಅನುಮಾನಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಎರಡು ಗಾಡಿಗಳ ನಡುವೆ ಕನಿಷ್ಠ ಎಷ್ಟು ಹೊತ್ತು ಇರಬೇಕು?

ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಎರಡನೇ ಗಾಡಿ ತಪ್ಪಿದರೆ ಮುಂದಿನದು ಯಾವಾಗ?

ಬೆಂಗಳೂರಿಗೆ ಬಂದು ಮೈಸೂರಿಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಒಂದು ತಪ್ಪಿದರೆ ಇನ್ನೊಂದಿದೆ. ಅದೂ ಹೋದರೆ ಬಸ್ಸಿದೆ. ಇಂಥ ಕಡೆ ಮುಕ್ಕಾಲು ಗಂಟೆ ಬಿಟ್ಟುಕೊಂಡರೂ ನಡೆಯುತ್ತದೆ. ಅದೇ ಬೆಂಗಳೂರಿಗೆ ಬಂದು ಕಾರವಾರದ ರಾತ್ರಿ ಗಾಡಿ ಹಿಡಿಯಬೇಕು ಅಂದರೆ ಕಥೆ ಬೇರೆ. ಕರಾವಳಿಗೆ ಹೋಗುವ ರಾತ್ರಿ ಗಾಡಿಗಳು ಬೆರಳೆಣಿಕೆಯಷ್ಟು. ತಪ್ಪಿತು ಅಂದರೆ ಅವತ್ತಿನ ರಾತ್ರಿ ಹೋಯಿತು, ಕಾಯ್ದಿರಿಸಿದ ಬರ್ತೂ ಹೋಯಿತು. ಹಬ್ಬದ ಹಿಂದಿನ ದಿನವಾಗಿದ್ದರೆ ಬಸ್ಸಿನಲ್ಲೂ ಸೀಟು ಸಿಗಲ್ಲ. ಅಲ್ಲಿ ಮೂರು ಗಂಟೆ ಬಿಟ್ಟರೂ ಜಾಸ್ತಿ ಅಲ್ಲ.

ಅಂದರೆ ನಡುವಿನ ಸಮಯವನ್ನು ಮೊದಲ ಗಾಡಿ ಎಷ್ಟು ಲೇಟಾಗಬಹುದು ಅಂತ ಮಾತ್ರ ನೋಡಿ ಲೆಕ್ಕ ಹಾಕಬೇಡಿ. ತಪ್ಪಿದರೆ ಎಷ್ಟು ಪೆಟ್ಟು ಬೀಳುತ್ತದೆ ಅನ್ನುವುದನ್ನೂ ನೋಡಿ.

ಅದೆಲ್ಲ ಸರಿ, ಒಂದು ಅಂದಾಜಾದರೂ ಹೇಳಿ.

ನಾವು ಇಟ್ಟುಕೊಳ್ಳುವ ಲೆಕ್ಕ ಹೀಗಿದೆ. ಇದು ರೈಲ್ವೆಯ ನಿಯಮ ಅಲ್ಲ.

ಮೊದಲ ಗಾಡಿ ನೂರಿನ್ನೂರು ಕಿಲೋಮೀಟರ್ ದೂರದಿಂದ ಹಗಲಲ್ಲಿ ಬರುವುದಾದರೆ ಒಂದು ಗಂಟೆ. ರಾತ್ರಿಯಿಡೀ ಓಡಿ ಬೆಳಗ್ಗೆ ತಲುಪುವ ಗಾಡಿಯಾದರೆ ಎರಡರಿಂದ ಮೂರು ಗಂಟೆ. ದೆಹಲಿ, ಉತ್ತರ ಪ್ರದೇಶ, ಬಿಹಾರ, ಅಸ್ಸಾಂ ಕಡೆಯಿಂದ ಎರಡು ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ಓಡಿ ಬರುವ ಗಾಡಿಯಾದರೆ ಕನಿಷ್ಠ ಆರು ಗಂಟೆ. ಮುಂದಿನದು ದಿನಕ್ಕೆ ಒಂದೇ ಗಾಡಿ ಆಗಿದ್ದರೆ ಒಂದು ರಾತ್ರಿ ಉಳಿದು ಹೋಗುವುದೇ ವಾಸಿ. ಇದೆಲ್ಲ ಒಂದೇ ನಿಲ್ದಾಣದಲ್ಲಿ ಇಳಿದು ಹತ್ತುವವರಿಗೆ. ನಿಲ್ದಾಣ ಬದಲಾದರೆ ಊರೊಳಗಿನ ಓಡಾಟದ ಹೊತ್ತನ್ನು ಬೇರೆಯಾಗಿ ಸೇರಿಸಿಕೊಳ್ಳಿ.

ಒಂದೇ ನಿಲ್ದಾಣ, 20 ನಿಮಿಷ ಇದೆ. ಪ್ಲಾಟ್‌ಫಾರಂ ಬದಲಾಯಿಸಿದರೆ ಆಯ್ತಲ್ವಾ?

ಗಾಡಿ ಸರಿಯಾದ ಹೊತ್ತಿಗೆ ಬಂದರೆ ಆಯ್ತು. ಆದರೂ ನಡಿಗೆ ಎಷ್ಟಿದೆ ನೋಡಿ. 22 ಬೋಗಿಯ ಗಾಡಿ ಅರ್ಧ ಕಿಲೋಮೀಟರಿಗೂ ಉದ್ದ. ನೀವು ಕೊನೆಯ ಬೋಗಿಯಲ್ಲಿ ಇಳಿದು, ಮೆಟ್ಟಿಲು ಹತ್ತಿ ಇಳಿದು, ಇನ್ನೊಂದು ಗಾಡಿಯ ಎಂಜಿನ್ ಹತ್ತಿರದ ಬೋಗಿಗೆ ಹೋಗಬೇಕಾದರೆ ಸೂಟ್‌ಕೇಸ್ ಎಳೆದುಕೊಂಡು ಹದಿನೈದು ನಿಮಿಷ ಸುಮ್ನೆ ಹೋಗುತ್ತದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿರುವ ಕೆಎಸ್‌ಆರ್ ನಿಲ್ದಾಣದಲ್ಲಿ ಹತ್ತು ಪ್ಲಾಟ್‌ಫಾರಂಗಳಿವೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 8ನೇ ಪ್ಲಾಟ್‌ಫಾರಂ ಒಂದೇ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆಯಾದದ್ದು. ಹೆಮ್ಮೆಯ ವಿಷಯವೇ, ಆದರೆ ಅದರ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಹತ್ತಿರ ಹತ್ತಿರ 20 ನಿಮಿಷ ಬೇಕು.

ಎರಡನೆಯದು ವಂದೇ ಭಾರತ್ ಆಗಿದ್ದರೆ ಇನ್ನೂ ಹುಷಾರು. ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತದೆ. ಹೊರಟ ಗಾಡಿಯ ಕಂಬಿ ಹಿಡಿದು ಹತ್ತುವ ಹಳೇ ಚಾಳಿ ಅಲ್ಲಿ ನಡೆಯಲ್ಲ. ಬೇರೆ ಗಾಡಿಗಳಲ್ಲೂ ಅದನ್ನು ಮಾಡಬೇಡಿ.

ಆ್ಯಪ್‌ನಲ್ಲಿ ನನ್ನ ಗಾಡಿ 40 ನಿಮಿಷ ಲೇಟ್ ಅಂತ ತೋರಿಸುತ್ತಿದೆ. ಮುಂದಿನದು ತಪ್ಪಿದಂತೆಯೇ?

ನೀವು ಎಲ್ಲಿ ಇಳಿಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ.

ರೈಲ್ವೆಯವರು ವೇಳಾಪಟ್ಟಿ ಮಾಡುವಾಗ ಗಾಡಿಗೆ ಬೇಕಾದಷ್ಟೇ ಸಮಯ ಕೊಡುವುದಿಲ್ಲ. ಅಲ್ಲಲ್ಲಿ, ಅದರಲ್ಲೂ ಕೊನೆಯ ನಿಲ್ದಾಣದ ಮುಂಚೆ, ಒಂದಿಷ್ಟು ಸಡಿಲ ಸಮಯ ಸೇರಿಸಿರುತ್ತಾರೆ. ಯಶವಂತಪುರದಿಂದ ಕೆಎಸ್‌ಆರ್ ಬೆಂಗಳೂರಿಗೆ ಐದಾರು ಕಿಲೋಮೀಟರ್. ಆದರೆ ಕೆಎಸ್‌ಆರ್‌ನಲ್ಲಿ ಓಟ ಮುಗಿಸುವ ಎಷ್ಟೋ ಗಾಡಿಗಳಿಗೆ ಈ ದೂರಕ್ಕೆ ಅರ್ಧ ಗಂಟೆಯ ಹತ್ತಿರ ಬರೆದಿರುತ್ತಾರೆ. ಹಾಗಾಗಿ ತುಮಕೂರಿನಲ್ಲಿ ಲೇಟಾಗಿದ್ದ ಗಾಡಿ ಬೆಂಗಳೂರಿಗೆ ಸಮಯಕ್ಕೆ ಸರಿಯಾಗಿ ಬಂದು ನಿಲ್ಲುವುದುಂಟು. ಚಾಲಕ ಜಾದೂ ಮಾಡಿದ್ದಲ್ಲ, ಕಾಗದದಲ್ಲೇ ಜಾಗ ಇತ್ತು ಅಷ್ಟೆ.

ಆದರೆ ಅದೇ ಗಾಡಿಯಿಂದ ಅರಸೀಕೆರೆಯಲ್ಲೋ ಬೀರೂರಿನಲ್ಲೋ ಇಳಿಯುವವರಿಗೆ ಈ ಲಾಭ ಇಲ್ಲ. 40 ನಿಮಿಷ ಲೇಟು ಅಂದರೆ 40 ನಿಮಿಷ ಲೇಟೇ. ಅದಕ್ಕೇ ನಡುದಾರಿಯ ಜಂಕ್ಷನ್‌ನಲ್ಲಿ ಗಾಡಿ ಬದಲಾಯಿಸುವವರು ಕೊನೆಯ ನಿಲ್ದಾಣದಲ್ಲಿ ಬದಲಾಯಿಸುವವರಿಗಿಂತ ಜಾಸ್ತಿ ಸಮಯ ಬಿಡಬೇಕು. ಸಾಮಾನ್ಯವಾಗಿ ಜನ ಇದಕ್ಕೆ ಉಲ್ಟಾ ಮಾಡುತ್ತಾರೆ. ಚಿಕ್ಕ ಸ್ಟೇಷನ್, ಅಲ್ಲಿ ಏನು ಕಾಯೋದು ಅಂತ ಅರ್ಧ ಗಂಟೆ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ವಿಷಯ. ಒಂದು ಸಲ ಲೇಟಾದ ಗಾಡಿ ಇನ್ನಷ್ಟು ಲೇಟಾಗುವ ಸಾಧ್ಯತೆ ಜಾಸ್ತಿ. ಅದಕ್ಕಾಗಿ ಇಟ್ಟಿದ್ದ ಹೊತ್ತು ಮೀರಿದ ಮೇಲೆ ಸಮಯಕ್ಕೆ ಓಡುತ್ತಿರುವ ಬೇರೆ ಗಾಡಿಗಳಿಗೆ ದಾರಿ ಬಿಡಬೇಕಾಗುತ್ತದೆ. ಒಂಟಿ ಹಳಿ ಇರುವ ಕಡೆ, ಬೀರೂರು–ಶಿವಮೊಗ್ಗ ದಾರಿಯಲ್ಲಿ ಅಥವಾ ಹಾಸನ–ಮಂಗಳೂರು ದಾರಿಯಲ್ಲಿ, ಎದುರು ಗಾಡಿಯ ಕ್ರಾಸಿಂಗ್‌ಗಾಗಿ ಕಾಯುವುದು ಬೇರೆ.

ಎರಡನೇ ಗಾಡಿಯೂ ಲೇಟಾಗಬಹುದಲ್ಲ? ಅದನ್ನು ನಂಬಿಕೊಳ್ಳಬಹುದಾ?

ನಂಬಬೇಡಿ. ಆದರೆ ಆ ಗಾಡಿ ಎಲ್ಲಿಂದ ಹೊರಡುತ್ತದೆ ಅಂತ ನೋಡಿಕೊಳ್ಳಿ. ನೀವು ಹತ್ತುವ ನಿಲ್ದಾಣದಿಂದಲೇ ಶುರುವಾಗುವ ಗಾಡಿ ಹೆಚ್ಚಿನ ಸಲ ಗಂಟೆಗೆ ಸರಿಯಾಗಿ ಹೊರಡುತ್ತದೆ. ದೂರದಿಂದ ಬಂದು ನಿಮ್ಮಲ್ಲಿ ಎರಡು ನಿಮಿಷ ನಿಂತು ಹೋಗುವ ಗಾಡಿಯಾದರೆ ಅದು ಲೇಟಾಗಿದ್ದೀತು, ಆಗದೆಯೂ ಇದ್ದೀತು. ಇನ್ನು ಬೆಳಗ್ಗೆ ಬಂದ ಗಾಡಿಯ ಬೋಗಿಗಳನ್ನೇ ಸಂಜೆ ಬೇರೆ ಹೆಸರಲ್ಲಿ ಕಳಿಸುವುದುಂಟು. ಬೆಳಗಿನದು ತೀರಾ ತಡವಾಗಿ ಬಂದರೆ ಸಂಜೆಯದು ಹೊರಡುವ ಸಮಯವನ್ನೂ ಮುಂದೆ ಹಾಕುತ್ತಾರೆ. ಇದೆಲ್ಲ ಅದೃಷ್ಟದ ಲೆಕ್ಕ.

ನಮ್ಮ ಗಾಡಿ ಲೇಟಾಗಿದೆ ಅಂತ ಹೇಳಿದರೆ ಮುಂದಿನ ಗಾಡಿಯನ್ನು ನಿಲ್ಲಿಸಿಕೊಳ್ಳುತ್ತಾರಾ?

ಗಾಡಿಯಲ್ಲಿ ಟಿಕೆಟ್ ನೋಡುವ ಟಿಟಿಇಗೆ ಹೇಳಿ, ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಹೇಳುವುದರಲ್ಲಿ ತಪ್ಪಿಲ್ಲ. ನಿಲ್ಲಿಸಿಯೇ ನಿಲ್ಲಿಸುತ್ತಾರೆ ಅಂತ ಮಾತ್ರ ಕೂರಬೇಡಿ.

ಬೆಂಗಳೂರಿನಲ್ಲಿ ಇಳಿದು ಬೆಂಗಳೂರಿನಲ್ಲೇ ಹತ್ತಬೇಕು. ಎಷ್ಟು ಸಮಯ ಸಾಕು?

ಯಾವ ಬೆಂಗಳೂರು? ಇಲ್ಲೇ ಜಾಸ್ತಿ ಜನ ಎಡವುವುದು. ಟಿಕೆಟ್ಟಿನಲ್ಲಿ ‘ಬೆಂಗಳೂರು’ ಅಂತ ಕಂಡ ತಕ್ಷಣ ಮೆಜೆಸ್ಟಿಕ್ ಅಂದುಕೊಂಡುಬಿಡುತ್ತಾರೆ. ಕೆಎಸ್‌ಆರ್ ಬೆಂಗಳೂರು ಇದೆ, ಯಶವಂತಪುರ ಇದೆ, 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇದೆ. ಅದರ ಜೊತೆಗೆ ದಂಡು (ಕಂಟೋನ್ಮೆಂಟ್), ಕೃಷ್ಣರಾಜಪುರ, ಬಾಣಸವಾಡಿ, ಯಲಹಂಕ, ಕೆಂಗೇರಿ. ಟಿಕೆಟ್ಟಿನಲ್ಲಿರುವ ಕೋಡ್ ನೋಡಿ: ಎಸ್‌ಬಿಸಿ ಅಂದರೆ ಕೆಎಸ್‌ಆರ್, ವೈಪಿಆರ್ ಅಂದರೆ ಯಶವಂತಪುರ, ಎಸ್‌ಎಂವಿಬಿ ಅಂದರೆ ವಿಶ್ವೇಶ್ವರಯ್ಯ ಟರ್ಮಿನಲ್.

ಕೆಎಸ್‌ಆರ್‌ನಿಂದ ಯಶವಂತಪುರಕ್ಕೆ ಮೆಟ್ರೊ ಸುಲಭ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿಯಬೇಕು. ಯಶವಂತಪುರದ ಮೆಟ್ರೊ ಇರುವುದು ತುಮಕೂರು ರಸ್ತೆ ಕಡೆ. ಒಟ್ಟು ಒಂದು ಗಂಟೆ ಇಟ್ಟುಕೊಳ್ಳಿ. ಕೆಎಸ್‌ಆರ್‌ನಿಂದ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಹೋಗುವವರು ನೇರಳೆ ಮಾರ್ಗದಲ್ಲಿ ಬೈಯಪ್ಪನಹಳ್ಳಿಗೆ ಹೋಗಿ. ರೈಲಿನೊಳಗೆ ಸುಮಾರು ಅರ್ಧ ಗಂಟೆ. ಆದರೆ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಟರ್ಮಿನಲ್ ಇಲ್ಲ. ಅಲ್ಲಿಂದ ಮತ್ತೆ ಆಟೊ ಬೇಕು, ಆಟೊದವರ ಜೊತೆ ಚೌಕಾಸಿ ಬೇಕು. ಒಂದೂವರೆ ಗಂಟೆ ಇಟ್ಟುಕೊಂಡರೆ ನೆಮ್ಮದಿ. ಸಂಜೆ ಆರರಿಂದ ಎಂಟರ ನಡುವೆ ಕ್ಯಾಬ್‌ನಲ್ಲಿ ಹೋಗುತ್ತೇನೆ ಅನ್ನುವವರು ಎರಡು ಗಂಟೆ ಬಿಡಿ.

ನಸುಕಿನಲ್ಲಿ ಇಳಿಯುವವರು ಗಮನಿಸಿ: ಮೆಟ್ರೊ ಶುರುವಾಗುವುದು ಸಾಮಾನ್ಯವಾಗಿ ಬೆಳಗ್ಗೆ ಐದರ ಸುಮಾರಿಗೆ, ಭಾನುವಾರ ಇನ್ನೂ ತಡವಾಗಿ.

ಒಂದು ಉಪಾಯವೂ ಇದೆ. ಎರಡೂ ಗಾಡಿಗಳು ಸಮಾನವಾಗಿ ನಿಲ್ಲುವ ನಿಲ್ದಾಣ ಇದೆಯೇ ಅಂತ ನೋಡಿ. ಹುಬ್ಬಳ್ಳಿ ಕಡೆಯಿಂದ ಕೆಎಸ್‌ಆರ್‌ಗೆ ಬರುವ ಎಷ್ಟೋ ಗಾಡಿಗಳು ಯಶವಂತಪುರದಲ್ಲೂ ನಿಲ್ಲುತ್ತವೆ. ಮುಂದಿನ ಗಾಡಿ ಯಶವಂತಪುರದಿಂದಾದರೆ ಅಲ್ಲೇ ಇಳಿದುಬಿಡಿ. ಚೆನ್ನೈ ಕಡೆಯಿಂದ ಬರುವವರಿಗೆ ಕೃಷ್ಣರಾಜಪುರ, ದಂಡು ನಿಲ್ದಾಣಗಳು ಹೀಗೆ ಒದಗುತ್ತವೆ.

ಬೇರೆ ಊರುಗಳಲ್ಲೂ ಹೀಗೆ ಎರಡೆರಡು ನಿಲ್ದಾಣಗಳಿವೆಯಾ?

ಇವೆ. ನಮಗೆ ಹತ್ತಿರದ್ದು ಮಂಗಳೂರು. ಮಂಗಳೂರು ಸೆಂಟ್ರಲ್ ಊರೊಳಗಿದೆ. ಮಂಗಳೂರು ಜಂಕ್ಷನ್ ಪಡೀಲ್ ಕಡೆ, ಐದಾರು ಕಿಲೋಮೀಟರ್ ಆಚೆ. ಕೇರಳದಿಂದ ಕೊಂಕಣ ದಾರಿಯಲ್ಲಿ ಮುಂಬೈ, ದೆಹಲಿಗೆ ಹೋಗುವ ದೂರದ ಗಾಡಿಗಳು ಜಂಕ್ಷನ್‌ನಲ್ಲಿ ನಿಂತು ಹೋಗುತ್ತವೆ, ಸೆಂಟ್ರಲ್‌ಗೆ ಬರುವುದಿಲ್ಲ. ಚೆನ್ನೈನಲ್ಲಿ ಸೆಂಟ್ರಲ್ ಮತ್ತು ಎಗ್ಮೋರ್ ಹತ್ತಿರ ಹತ್ತಿರ, ಮೆಟ್ರೊದಲ್ಲಿ ಒಂದೇ ಸ್ಟಾಪ್. ತಾಂಬರಂ ಮಾತ್ರ ದೂರ. ಹೈದರಾಬಾದಿನಲ್ಲಿ ಸಿಕಂದರಾಬಾದ್, ಕಾಚಿಗುಡ, ನಾಂಪಲ್ಲಿ, ಈಗ ಚರ್ಲಪಲ್ಲಿಯೂ ಸೇರಿದೆ. ಮುಂಬೈ ಬಗ್ಗೆ ಹೇಳಲೇಬೇಕಿಲ್ಲ. ಸಿಎಸ್‌ಎಂಟಿ, ದಾದರ್, ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್, ಬಾಂದ್ರಾ ಟರ್ಮಿನಸ್, ಪನ್ವೇಲ್. ಲೋಕಲ್ ರೈಲಿನ ಗದ್ದಲದಲ್ಲಿ ದೊಡ್ಡ ಲಗೇಜ್ ಹೊತ್ತು ಇವುಗಳ ನಡುವೆ ಓಡಾಡುವುದು ಸಣ್ಣ ಕೆಲಸ ಅಲ್ಲ. ಮುಂಬೈಯಲ್ಲಿ ನಿಲ್ದಾಣ ಬದಲಾಯಿಸುವವರು ನಾಲ್ಕು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ ಅನ್ನುವುದು ನಮ್ಮ ಅಭಿಪ್ರಾಯ.

ಮೊದಲ ಗಾಡಿ ಲೇಟಾಗಿ ಎರಡನೆಯದು ತಪ್ಪಿದರೆ ದುಡ್ಡು ವಾಪಸ್ ಬರುತ್ತಾ?

ಎರಡು ಟಿಕೆಟ್ಟಿನ ಪಿಎನ್‌ಆರ್‌ಗಳನ್ನು (ಟಿಕೆಟ್ಟಿನ ಮೇಲಿರುವ ಬುಕಿಂಗ್ ನಂಬರ್) ಜೋಡಿಸಿದ್ದರೆ ಬರುತ್ತದೆ. 2019ರ ಏಪ್ರಿಲ್ 1ರಿಂದ ಈ ಸೌಲಭ್ಯ ಇದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಮೊದಲ ಟಿಕೆಟ್ ಆದ ಮೇಲೆ ಎರಡನೆಯದನ್ನು ಅದರ ಮುಂದುವರಿದ ಪ್ರಯಾಣ ಅಂತ ಬುಕ್ ಮಾಡಬೇಕು. ರೈಲ್ವೆಯ ಟಿಕೆಟ್ ತಾಣ ಐಆರ್‌ಸಿಟಿಸಿಯಲ್ಲಿ ನಿಮ್ಮ ಬುಕಿಂಗ್‌ಗಳ ಪಟ್ಟಿಯಲ್ಲೇ ಅದಕ್ಕೆ ಆಯ್ಕೆ ಇರುತ್ತದೆ. ಎರಡೂ ಟಿಕೆಟ್‌ಗಳಲ್ಲಿ ಪ್ರಯಾಣಿಕರ ವಿವರ ಒಂದೇ ಥರ ಇರಬೇಕು. ಒಂದರಲ್ಲಿ ಇನಿಷಿಯಲ್ ಹಾಕಿ, ಇನ್ನೊಂದರಲ್ಲಿ ಬಿಟ್ಟರೆ ಆಗ ತಕರಾರು. ಮೊದಲ ಗಾಡಿ ಇಳಿಯುವ ನಿಲ್ದಾಣದಲ್ಲೇ ಎರಡನೆಯದು ಹತ್ತುವಂತಿದ್ದರೆ ಗೊಂದಲವಿಲ್ಲ.

ಹೀಗೆ ಜೋಡಿಸಿದ ಮೇಲೆ ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ನೀವು ಪ್ರಯಾಣ ಮಾಡಿದ ಭಾಗದ ದರ ಹಿಡಿದುಕೊಂಡು, ಮಾಡದ ಭಾಗದ್ದು ರದ್ದತಿ ಶುಲ್ಕ ಇಲ್ಲದೆ ವಾಪಸ್ ಕೊಡುತ್ತಾರೆ. ಕೌಂಟರ್ ಟಿಕೆಟ್ ಆದರೆ ಮೊದಲ ಗಾಡಿ ನಿಜವಾಗಿ ಬಂದು ತಲುಪಿದ ಮೂರು ಗಂಟೆಯೊಳಗೆ ಅಲ್ಲಿನ ಕೌಂಟರಿಗೆ ಕೊಡಬೇಕು. ಇ-ಟಿಕೆಟ್ ಆದರೆ ಆನ್‌ಲೈನ್‌ನಲ್ಲಿ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಹಾಕಬೇಕು. ಮನೆಗೆ ಹೋಗಿ ಹಾಕೋಣ ಅನ್ನಬೇಡಿ, ಪ್ಲಾಟ್‌ಫಾರಂನಲ್ಲಿ ನಿಂತೇ ಹಾಕಿ.

ಎರಡು ಮಾತು ನೆನಪಿರಲಿ. ಒಂದು, ಜೋಡಿಸಿದ ಮಾತ್ರಕ್ಕೆ ದರ ಕಡಿಮೆಯಾಗುವುದಿಲ್ಲ. ಎರಡೂ ಟಿಕೆಟ್ಟಿನ ಪೂರ್ತಿ ದರ ಕೊಡಬೇಕು. ಇನ್ನೊಂದು, ದುಡ್ಡು ವಾಪಸ್ ಬರುತ್ತದೆಯೇ ಹೊರತು ಮುಂದಿನ ಗಾಡಿಯಲ್ಲಿ ಸೀಟು ಕೊಡುವುದಿಲ್ಲ. ಆ ಏರ್ಪಾಟು ನಿಮ್ಮದೇ. ಅದಕ್ಕೇ ಜೋಡಿಸಿದ್ದೇವೆ ಅಂತ ನಡುವಿನ ಸಮಯ ಕಡಿಮೆ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಬಸ್ಸು ಲೇಟಾಗಿ, ಅಥವಾ ಟ್ರಾಫಿಕ್‌ನಲ್ಲಿ ಸಿಕ್ಕಿ ರೈಲು ತಪ್ಪಿದರೆ?

ದುಡ್ಡು ವಾಪಸ್ ಬರಲ್ಲ. ರೈಲಿನಿಂದ ರೈಲಿಗೆ ತಪ್ಪಿದರೆ ಮಾತ್ರ ಮೇಲಿನ ನಿಯಮ.

ಎರಡನೇ ಗಾಡಿಯೇ ವಿಪರೀತ ಲೇಟಾಗಿದೆ. ಬಸ್ಸಿಗೆ ಹೋಗಿಬಿಡಲೇ?

ನೀವು ಹತ್ತುವ ನಿಲ್ದಾಣಕ್ಕೆ ಅದು ಮೂರು ಗಂಟೆಗಿಂತ ಜಾಸ್ತಿ ತಡವಾಗಿದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ವಾಪಸ್ ಸಿಗುತ್ತದೆ. ಆದರೆ ಗಾಡಿ ಅಲ್ಲಿಂದ ಹೊರಡುವ ಮುಂಚೆಯೇ ಟಿಡಿಆರ್ ಹಾಕಿರಬೇಕು. ಬಸ್ಸಿನ ಸೀಟು ಖಾತ್ರಿ ಮಾಡಿಕೊಂಡು ಆಮೇಲೆ ಹಾಕಿ, ಮೊದಲೇ ಅಲ್ಲ.

ಮಳೆಗಾಲ, ಚಳಿಗಾಲದಲ್ಲಿ ಲೆಕ್ಕ ಬದಲಾಗುತ್ತಾ?

ಖಂಡಿತ. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಇದೆ. ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ ಇರುತ್ತದೆ. ಗುಡ್ಡ ಕುಸಿತದ ಭಯಕ್ಕೆ ಗಾಡಿಗಳನ್ನು ನಿಧಾನ ಓಡಿಸುತ್ತಾರೆ. ಹಾಗಾಗಿ ಹೊರಡುವ, ತಲುಪುವ ಹೊತ್ತು ಎರಡೂ ಬದಲಾಗುತ್ತವೆ. ಮೇ ತಿಂಗಳಲ್ಲಿ ನೋಡಿಟ್ಟ ಸಮಯ ನಂಬಿ ಜುಲೈನಲ್ಲಿ ಉಡುಪಿ ನಿಲ್ದಾಣಕ್ಕೆ ಹೋಗಬೇಡಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯೂ ಅಷ್ಟೆ. ಸುಮಾರು 55 ಕಿಲೋಮೀಟರಿನ ಆ ದಾರಿಯಲ್ಲಿ ಗಾಡಿ ಒಳ್ಳೆಯ ದಿನದಲ್ಲೂ ನಿಧಾನವೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಜೋರು ಮಳೆಯ ವಾರದಲ್ಲಿ ಆ ದಾರಿಯ ಗಾಡಿಗೆ ಬಿಗಿಯಾದ ಕನೆಕ್ಷನ್ ಇಟ್ಟುಕೊಳ್ಳುವುದು ಬೇಡವೇ ಬೇಡ.

ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜು. ದೆಹಲಿ, ಲಖನೌ, ಪಟ್ನಾ ಕಡೆ ಗಾಡಿಗಳು ಗಂಟೆಗಟ್ಟಲೆ ತಡವಾಗುತ್ತವೆ. ನಮ್ಮಲ್ಲಿ ಬಿಸಿಲು ಹೊಳೆಯುತ್ತಿರುತ್ತದೆ, ಗಾಡಿ ಯಾಕೆ ಲೇಟು ಅಂತ ಅರ್ಥವೇ ಆಗುವುದಿಲ್ಲ. ಕಾಶಿ, ಅಯೋಧ್ಯೆಗೆ ಹೋಗಿ ಬರುವವರು ವಾಪಸ್ ಬರುವ ದಾರಿಯ ಕನೆಕ್ಷನ್‌ಗೆ ಅರ್ಧ ದಿನ ಬಿಟ್ಟುಕೊಳ್ಳಿ.

ಇವೆರಡೂ ಅಲ್ಲದೆ ಹಳಿ ಕೆಲಸ. ಜೋಡಿ ಹಳಿ ಹಾಕುವಾಗ, ನಿಲ್ದಾಣ ದುರಸ್ತಿ ಮಾಡುವಾಗ ಗಾಡಿಯನ್ನು ಒಂದು ನಿಲ್ದಾಣ ಮೊದಲೇ ನಿಲ್ಲಿಸಿಬಿಡುತ್ತಾರೆ. ಕೆಎಸ್‌ಆರ್‌ಗೆ ಬರಬೇಕಾದ್ದು ಯಶವಂತಪುರದಲ್ಲೇ ಮುಗಿಯಬಹುದು. ಪತ್ರಿಕೆಗಳಲ್ಲಿ ಎರಡು ಮೂರು ದಿನ ಮುಂಚೆ ಪ್ರಕಟಣೆ ಬರುತ್ತದೆ, ಮೊಬೈಲಿಗೂ ಸಂದೇಶ ಬರುತ್ತದೆ. ಜಾಹೀರಾತು ಅಂದುಕೊಂಡು ಅಳಿಸಿಬಿಡಬೇಡಿ.

ರಾತ್ರಿ 12.20ರ ಗಾಡಿಗೆ ಯಾವ ತಾರೀಕಿನ ಟಿಕೆಟ್ ತೆಗೆಯಬೇಕು?

15ನೇ ತಾರೀಕಿನ ರಾತ್ರಿ ಊಟ ಮಾಡಿ ಹತ್ತುವ 12.20ರ ಗಾಡಿ 16ನೇ ತಾರೀಕಿನದು. ಟಿಕೆಟ್ಟಿನಲ್ಲಿ 16 ಇರಬೇಕು. ಮೊದಲ ಗಾಡಿ ರಾತ್ರಿ ಹನ್ನೊಂದಕ್ಕೆ ತಲುಪಿ ಎರಡನೆಯದು ಮಧ್ಯರಾತ್ರಿ ದಾಟಿ ಹೊರಡುವಾಗ ಈ ತಪ್ಪು ತುಂಬಾ ಆಗುತ್ತದೆ. ಒಂದು ಗಂಟೆ ಬಿಟ್ಟಿದ್ದೇನೆ ಅಂದುಕೊಂಡಿರುತ್ತೀರಿ, ನಿಮ್ಮ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಎರಡರಲ್ಲಿ ಯಾವ ಟಿಕೆಟ್ ಮೊದಲು ತೆಗೆಯಬೇಕು?

ಸಿಗುವುದು ಕಷ್ಟ ಇರುವುದನ್ನು ಮೊದಲು ನೋಡಿಕೊಳ್ಳಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಎರಡು ಗಾಡಿಗಳ ದಿನಾಂಕ ಬೇರೆಯಾದರೆ ಬುಕಿಂಗ್ ತೆರೆಯುವ ದಿನವೂ ಬೇರೆ. ಎರಡರಲ್ಲಿ ಒಂದು ವೇಟಿಂಗ್ ಲಿಸ್ಟ್ ಆಗಿದ್ದರೆ ಇಡೀ ಯೋಜನೆ ಗಾಳಿಯಲ್ಲಿದೆ ಅಂತಲೇ ತಿಳಿಯಿರಿ. ಚಾರ್ಟ್ (ಸೀಟು ಸಿಕ್ಕವರ ಕೊನೆಯ ಪಟ್ಟಿ) ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗೇ ರದ್ದಾಗುತ್ತದೆ. ನೀವಾಗ ಮೊದಲ ಗಾಡಿಯಲ್ಲಿ ಕೂತಿರುತ್ತೀರಿ.

ಜನರಲ್ ಟಿಕೆಟ್‌ನಲ್ಲಿ ಗಾಡಿ ಬದಲಾಯಿಸಬಹುದಾ?

ಬದಲಾಯಿಸಬಹುದು. ಕೊನೆಯ ಊರಿನವರೆಗೆ ಒಂದೇ ಟಿಕೆಟ್ ತೆಗೆದು, ಅದೇ ಮಾರ್ಗದ ಜಂಕ್ಷನ್‌ನಲ್ಲಿ ಇಳಿದು ಮುಂದಿನ ಗಾಡಿ ಹಿಡಿಯಿರಿ. ಮುಂದಿನದು ಸೂಪರ್‌ಫಾಸ್ಟ್ ಆಗಿದ್ದರೆ ಅದಕ್ಕೆ ಸರ್ಚಾರ್ಜ್ ಕೊಟ್ಟಿರಬೇಕು.

ನಡುವೆ ಏಳೆಂಟು ಗಂಟೆ ಇದೆ. ಎಲ್ಲಿ ಕಳೆಯುವುದು?

ದೊಡ್ಡ ನಿಲ್ದಾಣಗಳಲ್ಲಿ ರಿಟೈರಿಂಗ್ ರೂಂ, ಡಾರ್ಮಿಟರಿ ಇರುತ್ತವೆ. ನಿಮ್ಮ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲೇ ಕಾಯ್ದಿರಿಸಬಹುದು. ರಜಾ ದಿನಗಳಲ್ಲಿ ಬೇಗ ತುಂಬುತ್ತವೆ. ಸಾಮಾನನ್ನು ಕ್ಲೋಕ್ ರೂಂನಲ್ಲಿ ಇಟ್ಟು ಊರು ನೋಡಲೂಬಹುದು. ಬ್ಯಾಗಿಗೆ ಬೀಗ ಹಾಕಿರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಹುಬ್ಬಳ್ಳಿಯಲ್ಲಿ ಏಳು ಗಂಟೆ ಸಿಕ್ಕರೆ ಸಿದ್ಧಾರೂಢ ಮಠಕ್ಕೆ ಹೋಗಿ ಬನ್ನಿ. ವೇಟಿಂಗ್ ರೂಂನಲ್ಲಿ ಫೋನ್ ನೋಡುತ್ತಾ ಕೂರುವುದಕ್ಕಿಂತ ಮೇಲು.

ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಹೋಗುತ್ತಿದ್ದಾರೆ.

ಮೇಲೆ ಹೇಳಿದ ಎಲ್ಲ ಸಮಯಕ್ಕೂ ಒಂದು ಗಂಟೆ ಸೇರಿಸಿ. ಊರೊಳಗೆ ನಿಲ್ದಾಣ ಬದಲಾಯಿಸುವ ದಾರಿ ಬೇಡ. ನೇರ ಗಾಡಿ ವಾರಕ್ಕೆ ಒಂದೇ ದಿನ ಇದ್ದರೂ ಪ್ರಯಾಣದ ದಿನವನ್ನೇ ಅದಕ್ಕೆ ಹೊಂದಿಸುವುದು ಒಳ್ಳೆಯದು. ಬದಲಾಯಿಸಲೇಬೇಕಾದರೆ ಲಿಫ್ಟ್ ಅಥವಾ ಎಸ್ಕಲೇಟರ್ ಇರುವ ದೊಡ್ಡ ನಿಲ್ದಾಣ ಆರಿಸಿ. ಹೊತ್ತಲ್ಲದ ಹೊತ್ತಿನಲ್ಲಿ ಸಣ್ಣ ಜಂಕ್ಷನ್ ಬೇಡ. ಕೂಲಿಯವರ ಜೊತೆ ಮೊದಲೇ ದರ ಮಾತಾಡಿ, ಮುಂದಿನ ಗಾಡಿಯ ಬೋಗಿಯೊಳಗೆ ಕೂರಿಸುವವರೆಗೆ ಅಂತ ಸ್ಪಷ್ಟವಾಗಿ ಹೇಳಿಕೊಳ್ಳಲು ತಿಳಿಸಿ. ಎರಡೂ ಟಿಕೆಟ್ಟಿನ ವಿವರ ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಡಿ. ಗಾಡಿ ನಂಬರ್, ಬೋಗಿ, ಬರ್ತ್, ಹೊರಡುವ ಸಮಯ. ಮೊಬೈಲ್ ಚಾರ್ಜ್ ಮುಗಿದರೂ ಹಾಳೆ ಇರುತ್ತದೆ.

ರೈಲು ಇಳಿದು ವಿಮಾನ ಹತ್ತಬೇಕು.

ದೂರದ ರಾತ್ರಿ ಗಾಡಿಯಾದರೆ ವಿಮಾನ ಹೊರಡುವುದಕ್ಕೂ ರೈಲು ತಲುಪುವುದಕ್ಕೂ ನಡುವೆ ಏಳೆಂಟು ಗಂಟೆ ಇರಲಿ. ವಿದೇಶದ ವಿಮಾನವಾದರೆ ಹಿಂದಿನ ದಿನವೇ ಬೆಂಗಳೂರು ಸೇರಿಬಿಡಿ. ಗಾಡಿ ಯಲಹಂಕದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ, ಮೆಜೆಸ್ಟಿಕ್‌ವರೆಗೆ ಬಂದು ಮತ್ತೆ ಹಿಂದಕ್ಕೆ ಹೋಗುವ ಕಷ್ಟ ತಪ್ಪುತ್ತದೆ.

ಹೊರಡುವ ದಿನ ಏನೇನು ನೋಡಿಕೊಳ್ಳಬೇಕು?

ಮೊದಲ ಗಾಡಿ ಕಳೆದ ಒಂದು ವಾರ ನೀವು ಇಳಿಯುವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬಂದಿದೆ ಅಂತ ನೋಡಿ. ನಿಜ ಹೇಳಬೇಕೆಂದರೆ ಇದನ್ನು ಬುಕ್ ಮಾಡುವ ಮುಂಚೆಯೇ ನೋಡಬೇಕು. ಗಾಡಿ ಎಲ್ಲಿದೆ ಅಂತ ತಿಳಿಯಲು ರೈಲ್ವೆಯ ಎನ್‌ಟಿಇಎಸ್ ಆ್ಯಪ್ ಇದೆ. ಎರಡನೇ ಗಾಡಿ ಯಾವ ಪ್ಲಾಟ್‌ಫಾರಂ ಅಂತ ಅಲ್ಲೇ ಸಿಗುತ್ತದೆ, ಆದರೆ ಕೊನೇ ಗಳಿಗೆಯಲ್ಲಿ ಬದಲಾಗುವುದುಂಟು. ಇಳಿದ ಮೇಲೆ ನಿಲ್ದಾಣದ ಬೋರ್ಡ್ ನೋಡಿ, ಘೋಷಣೆಗೆ ಕಿವಿ ಕೊಡಿ. ತಪ್ಪಿದರೆ ಹಿಡಿಯಬೇಕಾದ ಗಾಡಿಯ ನಂಬರ್, ಇಲ್ಲವೇ ಬಸ್ಸಿನ ಹೊತ್ತು, ಮನೆಯಲ್ಲೇ ಬರೆದುಕೊಂಡು ಹೊರಡಿ. ಗಾಡಿ ಅರಸೀಕೆರೆಯ ಔಟರ್‌ನಲ್ಲಿ, ಅಂದರೆ ನಿಲ್ದಾಣದ ಹೊರಗಿನ ಸಿಗ್ನಲ್‌ನಲ್ಲಿ, ನಿಂತಾಗ ಅದನ್ನೆಲ್ಲ ಹುಡುಕೋಣ ಅಂದರೆ ಅಲ್ಲಿ ನೆಟ್‌ವರ್ಕ್ ಇರಲಿಕ್ಕಿಲ್ಲ.